ಊರ ಮಾತಿಗೆ ಕಿವಿಗೊಡುವುದು: ಮಹಾಮಾರಿಯ ದಿನಗಳು ಕಲಿಸಿದ ಪಾಠ

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಮಾತನ್ನು ಹಿರಿಯರಿಂದ ಕೇಳದ ಕನ್ನಡಿಗರು ವಿರಳ. ಸಾಮಾನ್ಯವಾಗಿ ನಾವು ಈ ಮಾತನ್ನು ಬೇಸರದಿಂದಲೇ ಆಡುತ್ತೇವೆ. ಊರ ಮಾತೆಂದರೆ ಚಾಡಿ, ಗಾಳಿಸುದ್ದಿ, ಇಲ್ಲಸಲ್ಲದ ಆರೋಪ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಅದೇ ಊರ ಮಾತಿನಲ್ಲಿ ಜನರ ಭಯವಿದೆ, ನೋವಿದೆ, ತಿಳಿಯಬೇಕೆಂಬ ಹಂಬಲವಿದೆ. ಕೆಲವೊಮ್ಮೆ ಪಂಡಿತರಿಗೆ ಇನ್ನೂ ಗೋಚರಿಸದ ಸತ್ಯವೂ ಅದರಲ್ಲಿ ಅಡಗಿರುತ್ತದೆ. ಆ ಮಾತನ್ನು ಕೇಳಿಸಿಕೊಳ್ಳುವವರು ಯಾರು, ಕೇಳಿಸಿಕೊಂಡು ಮಾಡುವುದೇನು ಎಂಬುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆ ಹೊಸತೇನೂ ಅಲ್ಲ. ಗೂಢಚಾರರು ತೀರ್ಥಕ್ಷೇತ್ರಗಳಲ್ಲಿಯೂ ಸಭೆಗಳಲ್ಲಿಯೂ ಜನಸಂದಣಿಯಲ್ಲಿಯೂ ವಾದ ಹೂಡಿ ಪ್ರಜೆಗಳ ಮನಸ್ಸನ್ನು ಅರಿಯಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ, ಪುರಜನರು ಏನು ಆಡಿಕೊಳ್ಳುತ್ತಿದ್ದಾರೆಂದು ಶ್ರೀರಾಮನು ಭದ್ರನೆಂಬಾತನನ್ನು ವಿಚಾರಿಸುತ್ತಾನೆ. ಜನರ ಮಾತನ್ನು ಕೇಳಿದ್ದು ರಾಜಧರ್ಮವೇ ಸರಿ. ಆದರೆ ಆ ಮಾತಿನ ಫಲವನ್ನು ಉಂಡವಳು ಸೀತೆ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಜೋರಾಗಿ ಆಡಿದವರ ಮಾತು ಅರಮನೆಗೆ ತಲುಪುತ್ತದೆ, ಮೌನವಾಗಿದ್ದವರ ಮಾತು ತಲುಪುವುದಿಲ್ಲ. ಈ ಹಳೆಯ ತೊಡಕು ನಮ್ಮ ಕಾಲದ ಮಹಾಮಾರಿಯಲ್ಲಿಯೂ ಹೊಸ ವೇಷ ತೊಟ್ಟು ಎದುರಾಯಿತು. 2020ರಿಂದ ಈಚೆಗೆ ಫೇಸ್‌ಬುಕ್, ಟ್ವಿಟರ್, ವಾಟ್ಸ್‌ಆ್ಯಪ್ ಮುಂತಾದ ಸಾಮಾಜಿಕ ಜಾಲತಾಣಗಳ ಮೂಲಕ ಜನರ ಆತಂಕವನ್ನು ಅಳೆಯಲು ನಡೆದ ಪ್ರಯತ್ನಗಳನ್ನೂ, ಅವುಗಳಿಂದ ಪರದೇಶದ ಕನ್ನಡಿಗರಾದ ನಾವು ಕಲಿಯಬೇಕಾದುದನ್ನೂ ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ಲೇಗಿನ ಕಾಲದ ಕಿವಿ

ಜಾಲತಾಣಗಳಿಲ್ಲದ ಕಾಲದಲ್ಲಿಯೂ ಸರ್ಕಾರಗಳು ಜನರ ಮಾತನ್ನು ಸಂಗ್ರಹಿಸುತ್ತಿದ್ದವು. ಬ್ರಿಟಿಷರ ಆಡಳಿತದಲ್ಲಿ ಮುಂಬಯಿ, ಮದರಾಸು ಮುಂತಾದ ಪ್ರಾಂತಗಳ ಸರ್ಕಾರಿ ಭಾಷಾಂತರಕಾರರು ದೇಶೀ ಪತ್ರಿಕೆಗಳನ್ನು ಓದಿ, ಅವುಗಳ ಸಾರವನ್ನು ಇಂಗ್ಲಿಷಿಗೆ ಇಳಿಸಿ ವರದಿಗಳನ್ನು ಒಪ್ಪಿಸುತ್ತಿದ್ದರು. ಕನ್ನಡ ಪತ್ರಿಕೆಗಳೂ ಆ ಪಟ್ಟಿಯಲ್ಲಿದ್ದವು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಜನರ ಭೀತಿ ಏನೆಂಬುದು ಆ ವರದಿಗಳಲ್ಲಿ ನಿಚ್ಚಳವಾಗಿ ದಾಖಲಾಯಿತು. ಆಸ್ಪತ್ರೆಗೆ ಒಯ್ದವರನ್ನು ಕೊಂದು ಅವರ ದೇಹದಿಂದ ಔಷಧ ತಯಾರಿಸುತ್ತಾರೆ ಎಂಬ ವದಂತಿ ಹಬ್ಬಿತ್ತು. ರೈಲು ನಿಲ್ದಾಣಗಳಲ್ಲಿ ಪರಪುರುಷರು ಹೆಂಗಸರ ಮೈಮುಟ್ಟಿ ಪರೀಕ್ಷಿಸುತ್ತಾರೆ, ಸೈನಿಕರು ಅಡುಗೆಮನೆ, ದೇವರಮನೆಗಳಿಗೆ ನುಗ್ಗುತ್ತಾರೆ ಎಂಬ ಕೊರಗು ಮನೆಮನೆಯಲ್ಲಿತ್ತು. ಮೊದಲನೆಯದು ಸುಳ್ಳು, ಎರಡನೆಯದು ನಿಜವಾದ ನೋವು. ಆದರೆ ಆಳುವವರ ಕಿವಿಗೆ ಎರಡೂ ಒಂದೇ ಬಗೆಯ ಅಜ್ಞಾನವಾಗಿ ಕೇಳಿಸಿದವು.

ಪರಿಣಾಮವನ್ನು ಇತಿಹಾಸ ಬಲ್ಲದು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದು ಅಧಿಕಾರಿಗಳ ಕೈ ಇನ್ನಷ್ಟು ಬಿಗಿಯಾಯಿತು. ಅದೇ ವರ್ಷ ಜೂನ್ 22ರಂದು ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನಿಗೆ ಚಾಪೇಕರ್ ಸಹೋದರರು ಗುಂಡಿಕ್ಕಿದರು. ಬಲಾತ್ಕಾರದಿಂದ ರೋಗ ನಿಲ್ಲದು, ಜನರ ಒಪ್ಪಿಗೆ ಬೇಕು ಎಂಬ ಅರಿವು ಸರ್ಕಾರಕ್ಕೆ ಮೂಡಿದ್ದು ಆ ಬಳಿಕ. 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೂ ಬಂದಿತು. ಪ್ಲೇಗಮ್ಮನ ಗುಡಿಗಳು ಇಂದಿಗೂ ನಮ್ಮ ನಾಡಿನಲ್ಲಿ ಆ ದಿನಗಳ ಸಾಕ್ಷಿಯಾಗಿ ನಿಂತಿವೆ. ವೈದ್ಯಶಾಸ್ತ್ರ ಉತ್ತರಿಸದ ಭಯವನ್ನು ಜನ ದೇವಿಯ ಮುಂದೆ ನಿವೇದಿಸಿಕೊಂಡರು ಎಂದು ನನಗೆ ಅನಿಸುತ್ತದೆ. ಮಾತನ್ನು ಸಂಗ್ರಹಿಸುವುದು ಬೇರೆ, ಕಿವಿಗೊಡುವುದು ಬೇರೆ ಎಂಬ ಪಾಠವನ್ನು ಪ್ಲೇಗಿನ ಕಾಲವೇ ನಮಗೆ ಕಲಿಸಿದೆ.

ಜಗತ್ತಿನ ಜಗಲಿ

ಅಲ್ಲಿಂದ ನೂರಿಪ್ಪತ್ತು ವರ್ಷ ಮುಂದಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಜನವರಿ 30ರಂದು ಕೊರೋನಾ ಸೋಂಕನ್ನು ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿಯೆಂದೂ, ಮಾರ್ಚ್ 11ರಂದು ಮಹಾಮಾರಿಯೆಂದೂ ಸಾರಿತು. ಈ ನಡುವೆ ಫೆಬ್ರವರಿ 15ರಂದು ಮ್ಯೂನಿಕ್ ನಗರದ ಸಭೆಯೊಂದರಲ್ಲಿ ಸಂಸ್ಥೆಯ ಮಹಾನಿರ್ದೇಶಕ ಡಾ. ಟೆಡ್ರೋಸ್ ಅವರು, ರೋಗದೊಡನೆ ಮಾತ್ರವಲ್ಲ, ರೋಗಕ್ಕಿಂತಲೂ ವೇಗವಾಗಿ ಹಬ್ಬುವ ಮಾಹಿತಿಯ ಮಹಾಪೂರದೊಡನೆಯೂ ನಾವು ಹೋರಾಡಬೇಕಾಗಿದೆ ಎಂಬರ್ಥದ ಮಾತನಾಡಿದರು. ಮನೆಯೊಳಗೆ ಬಂಧಿಯಾದ ಜನರಿಗೆ ಊರಿನ ಕಟ್ಟೆ, ದೇವಸ್ಥಾನದ ಜಗಲಿ, ಸಂತೆಯ ಮೂಲೆ ಎಲ್ಲವೂ ಕೈಯೊಳಗಿನ ದೂರವಾಣಿಯೇ ಆಗಿದ್ದ ದಿನಗಳು ಅವು.

ಆ ಜಗಲಿಯ ಮಾತನ್ನು ಕೇಳಲು ಸಂಸ್ಥೆಯು ಒಂದು ವ್ಯವಸ್ಥೆ ರೂಪಿಸಿತು. 2020ರ ಮಾರ್ಚ್‌ನಿಂದ ಪ್ರತಿವಾರವೂ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಜನರು ಬಹಿರಂಗವಾಗಿ ಬರೆದ ಮಾತುಗಳನ್ನು ಗಣಕಯಂತ್ರದ ನೆರವಿನಿಂದ ಒಟ್ಟುಗೂಡಿಸಿ ಐದು ಗುಂಪುಗಳಾಗಿ ವಿಂಗಡಿಸಲಾಯಿತು. ರೋಗದ ಮೂಲ ಯಾವುದು, ಅದರ ಲಕ್ಷಣ ಮತ್ತು ಹರಡುವ ಬಗೆ ಏನು, ಚಿಕಿತ್ಸೆ ಯಾವುದು, ಮುಖಗವಸು ಲಾಕ್‌ಡೌನ್ ಮುಂತಾದ ಕ್ರಮಗಳು ಏಕೆ, ಮಾಹಿತಿಯಲ್ಲಿ ನಂಬತಕ್ಕದ್ದು ಯಾವುದು ಎಂಬುವೇ ಆ ಐದು. ಯಾವ ವಿಷಯದ ಬಗ್ಗೆ ಹೆಚ್ಚು ಮಾತು ಎಂಬುದಷ್ಟೇ ಅಲ್ಲ, ಕಳೆದ ವಾರಕ್ಕಿಂತ ಈ ವಾರ ಯಾವ ಪ್ರಶ್ನೆ ಥಟ್ಟನೆ ಏರಿತು ಎಂಬುದನ್ನೂ ಗಮನಿಸಲಾಯಿತು. ಜನ ಕೇಳುತ್ತಿರುವ ಪ್ರಶ್ನೆಗೆ ನಂಬಲರ್ಹವಾದ ಉತ್ತರ ಎಲ್ಲಿಯೂ ಇಲ್ಲದಿದ್ದರೆ ಆ ಖಾಲಿ ಜಾಗಕ್ಕೆ ಸುಳ್ಳು ಬಂದು ಕೂರುತ್ತದೆ. ಹಾಲಿಲ್ಲದ ಪಾತ್ರೆಗೆ ನೀರು ತುಂಬುವಂತೆ. ಆದ್ದರಿಂದ ಖಾಲಿ ಜಾಗವನ್ನು ಮೊದಲೇ ಗುರುತಿಸಬೇಕೆಂಬುದು ಈ ಕಾರ್ಯದ ತಿರುಳು.

ಖಾಲಿ ಜಾಗ ಎಷ್ಟು ಅಪಾಯಕಾರಿ ಎಂಬುದಕ್ಕೆ ಇರಾನ್ ದೇಶದ ಉದಾಹರಣೆಯೊಂದೇ ಸಾಕು. ಮದ್ಯಸಾರ ಕುಡಿದರೆ ಸೋಂಕು ಸಾಯುತ್ತದೆ ಎಂಬ ವದಂತಿಯನ್ನು ನಂಬಿ 2020ರ ವಸಂತದಲ್ಲಿ ಅಲ್ಲಿ ವಿಷಯುಕ್ತ ಮೆಥನಾಲ್ ಕುಡಿದ 700ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನವು ಸಾಮಾಜಿಕ ಜಾಲತಾಣ ಮತ್ತು ಸುದ್ದಿತಾಣಗಳಿಂದ, 87 ದೇಶಗಳ 25 ಭಾಷೆಗಳಲ್ಲಿ 2,311 ವದಂತಿ, ಕಳಂಕ ಹಾಗೂ ಪಿತೂರಿಯ ಕಥನಗಳನ್ನು ಕಲೆಹಾಕಿತು. ಮಹಾಮಾರಿ ಘೋಷಣೆಯಾಗಿ ಒಂದು ತಿಂಗಳು ತುಂಬುವಷ್ಟರಲ್ಲಿ ದೊರೆತ ರಾಶಿ ಅದು!

ಜನ ನುಡಿದರು, ವೈದ್ಯರು ಬಳಿಕ ಬರೆದರು

ಹಾಗೆಂದು ಜಾಲತಾಣಗಳ ಮಾತೆಲ್ಲ ವದಂತಿಯೆಂದು ತಳ್ಳಿಹಾಕುವುದು ಅನ್ಯಾಯ. ಕೆಲವು ಸತ್ಯಗಳು ಮೊದಲು ಹೊಳೆದದ್ದು ಅಲ್ಲಿಯೇ.

ವಾಸನೆ ತಿಳಿಯದಿರುವುದನ್ನು ನೋಡಿ. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಮಾತ್ರವೇ ರೋಗದ ಲಕ್ಷಣಗಳೆಂದು ಸರ್ಕಾರಿ ಪ್ರಕಟಣೆಗಳು ಹೇಳುತ್ತಿದ್ದ 2020ರ ಮಾರ್ಚ್‌ನಲ್ಲಿಯೇ, ಕಾಫಿಯ ಪರಿಮಳ ತಿಳಿಯುತ್ತಿಲ್ಲ, ಊಟಕ್ಕೆ ರುಚಿಯಿಲ್ಲ ಎಂದು ದೇಶದೇಶಗಳ ಜನ ಹೇಳಿಕೊಳ್ಳುತ್ತಿದ್ದರು. ಗೂಗಲ್ ಶೋಧದಲ್ಲಿಯೂ ಅದನ್ನೇ ಕೇಳುತ್ತಿದ್ದರು. ಆ ತಿಂಗಳ ಉತ್ತರಾರ್ಧದಲ್ಲಿ ಬ್ರಿಟನ್ನಿನ ಕಿವಿ ಮೂಗು ಗಂಟಲು ತಜ್ಞರ ಸಂಘ ಎಚ್ಚರಿಕೆ ನೀಡಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತನ್ನ ಪಟ್ಟಿಗೆ ಇದನ್ನು ಸೇರಿಸಿದ್ದು ಏಪ್ರಿಲ್‌ನಲ್ಲಿ. ಬ್ರಿಟಿಷ್ ಸರ್ಕಾರ ಸೇರಿಸಿದ್ದು ಮೇ 18ರಂದು. ಅದೇ ವರ್ಷದ ನವೆಂಬರ್‌ನಲ್ಲಿ ಸಂಶೋಧಕಿಯೊಬ್ಬರು ಅಮೆಜಾನ್ ಅಂಗಡಿಯಲ್ಲಿ ಸುವಾಸನೆಯ ಮೇಣದ ಬತ್ತಿ ಕೊಂಡವರ ಅಭಿಪ್ರಾಯಗಳನ್ನು ಪರಿಶೀಲಿಸಿದರು. ಬತ್ತಿಗೆ ಪರಿಮಳವೇ ಇಲ್ಲವೆಂದು ದೂರುವವರ ಪ್ರಮಾಣ ಆ ವರ್ಷ ಏರುತ್ತ ಹೋಗಿತ್ತು.

ಎರಡನೆಯದು, ವಾಸಿಯಾದರೂ ವಾಸಿಯಾಗದ ಕಾಯಿಲೆ. ಹೆಚ್ಚಿನವರು ಎರಡು ವಾರದಲ್ಲಿ ಗುಣಮುಖರಾಗುತ್ತಾರೆ ಎಂಬ ಮಾತು ಪ್ರಚಲಿತವಾಗಿದ್ದಾಗ, ತಿಂಗಳುಗಳು ಕಳೆದರೂ ಸುಸ್ತು, ಎದೆಬಡಿತ, ಮರೆವು ಬಿಡುತ್ತಿಲ್ಲವೆಂದು ಹೇಳಿದವರನ್ನು ನಂಬುವವರು ಕಡಿಮೆ ಇದ್ದರು. 2020ರ ಮೇ 20ರಂದು ಇಟಲಿಯ ಪುರಾತತ್ತ್ವಜ್ಞೆ ಎಲಿಸಾ ಪೆರೆಗೊ ತಮ್ಮ ಅನುಭವಕ್ಕೆ ಟ್ವಿಟರಿನಲ್ಲಿ ಲಾಂಗ್ ಕೋವಿಡ್ ಎಂಬ ಹೆಸರಿಟ್ಟರು. ಹೆಸರು ದೊರೆತೊಡನೆ ಚದುರಿದ್ದ ರೋಗಿಗಳು ಪರಸ್ಪರ ಗುರುತಿಸಿಕೊಂಡರು. ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರ ಪ್ರತಿನಿಧಿಗಳ ಅಹವಾಲು ಕೇಳಿತು. 2021ರ ಅಕ್ಟೋಬರ್ 6ರಂದು ಆ ಸ್ಥಿತಿಗೆ ಅಧಿಕೃತ ವ್ಯಾಖ್ಯೆ ನೀಡಿತು. ರೋಗಕ್ಕೆ ಹೆಸರಿಡುವುದು ವೈದ್ಯರ ಹಕ್ಕೆಂದು ನಂಬಿದ್ದ ಲೋಕದಲ್ಲಿ ರೋಗಿಗಳೇ ನಾಮಕರಣ ಮಾಡಿದ ಅಪೂರ್ವ ಪ್ರಸಂಗವಿದು.

ಮೂರನೆಯದನ್ನು ಹೇಳಲು ನಮ್ಮ ಸಂಕೋಚದ ಸೆರಗನ್ನು ತುಸು ಸರಿಸಬೇಕಾಗುತ್ತದೆ. ಲಸಿಕೆಯ ಬಳಿಕ ಮುಟ್ಟಿನಲ್ಲಿ ಏರುಪೇರಾಯಿತೆಂದು ಹೆಂಗಸರು ತಮ್ಮತಮ್ಮಲ್ಲಿ ಪಿಸುಗುಟ್ಟುತ್ತಿದ್ದರು. ಲಸಿಕೆಯ ಪ್ರಯೋಗಗಳಲ್ಲಿ ಈ ಪ್ರಶ್ನೆಯನ್ನು ಕೇಳಿರಲಿಲ್ಲವಾದ್ದರಿಂದ ವೈದ್ಯರಲ್ಲಿ ಉತ್ತರವಿರಲಿಲ್ಲ. 2021ರ ಫೆಬ್ರವರಿಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಕೇಟ್ ಕ್ಲ್ಯಾನ್ಸಿ ತಮಗಾದ ಅನುಭವವನ್ನು ಟ್ವಿಟರಿನಲ್ಲಿ ಬಹಿರಂಗವಾಗಿ ಬರೆದಾಗ ಅಸಂಖ್ಯ ಮಹಿಳೆಯರು ದನಿಗೂಡಿಸಿದರು. ಅವರೂ ಸಹೋದ್ಯೋಗಿ ಕ್ಯಾಥರೀನ್ ಲೀ ಅವರೂ ಸಮೀಕ್ಷೆ ಕೈಗೊಂಡರು. 2022ರ ಜುಲೈನಲ್ಲಿ ಪ್ರಕಟವಾದ ವರದಿಗೆ 39,000ಕ್ಕೂ ಹೆಚ್ಚು ಜನರ ಉತ್ತರಗಳು ಆಧಾರವಾಗಿದ್ದವು. ನಿಯಮಿತ ಮುಟ್ಟಿನವರಲ್ಲಿ ಶೇ. 42ರಷ್ಟು ಮಂದಿ ಹೆಚ್ಚು ಸ್ರಾವವಾಯಿತೆಂದು ತಿಳಿಸಿದ್ದರು. ಈ ನಡುವೆ 2021ರ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಐದು ಸಂಶೋಧನಾ ತಂಡಗಳಿಗೆ ಸುಮಾರು 16.7 ಲಕ್ಷ ಡಾಲರ್ ನೆರವು ನೀಡಿತು. 2022ರ ಜನವರಿಯಲ್ಲಿ ಬಂದ ಫಲಿತಾಂಶದಂತೆ ಒಂದು ಡೋಸಿನ ಬಳಿಕ ಋತುಚಕ್ರ ಸರಾಸರಿ ಒಂದು ದಿನಕ್ಕಿಂತಲೂ ಕಡಿಮೆ ಮುಂದೂಡುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆಯ ಸಮಿತಿಯು ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ವಿವರಪತ್ರದಲ್ಲಿ ಅಧಿಕ ಸ್ರಾವವನ್ನು ಪಾರ್ಶ್ವಪರಿಣಾಮವಾಗಿ ಸೇರಿಸಲು ಶಿಫಾರಸು ಮಾಡಿತು.

ಪಿಸುಮಾತಿನಿಂದ ವಿವರಪತ್ರದವರೆಗೆ ಇಪ್ಪತ್ತು ತಿಂಗಳು. ಈ ಅವಧಿಯಲ್ಲಿ ಲಸಿಕೆಯಿಂದ ಬಂಜೆತನ ಬರುತ್ತದೆಂಬ ಸುಳ್ಳು ಎಷ್ಟು ಮನೆಗಳನ್ನು ಹೊಕ್ಕಿತೋ! ಹೆಂಗಸರ ಪ್ರಶ್ನೆಯನ್ನು ಮೊದಲೇ ಗೌರವದಿಂದ ಕೇಳಿ, ಬದಲಾವಣೆ ಅಲ್ಪ, ತಾತ್ಕಾಲಿಕ, ಹೆದರಬೇಡಿ ಎಂದು ಹೇಳಿದ್ದರೆ ಆ ಸುಳ್ಳಿಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ.

ಪ್ರಾಣವಾಯುವಿಗಾಗಿ ಮೊರೆ

ಇಲ್ಲಿಯವರೆಗೆ ಹೇಳಿದ್ದು ಪ್ರಶ್ನೆಗಳ ಮಾತು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಭಾರತದಿಂದ ಕೇಳಿಬಂದದ್ದು ಆರ್ತನಾದ. ಆಸ್ಪತ್ರೆಯಲ್ಲಿ ಹಾಸಿಗೆ, ಆಮ್ಲಜನಕದ ಸಿಲಿಂಡರ್, ರೆಮ್‌ಡೆಸಿವಿರ್ ಎಲ್ಲಿ ದೊರೆಯುತ್ತದೆಂಬ ಮೊರೆಗಳಿಂದ ಟ್ವಿಟರ್ ತುಂಬಿಹೋಯಿತು. ಪರದೇಶದಲ್ಲಿದ್ದ ನಾವು ರಾತ್ರಿಯಿಡೀ ಎಚ್ಚರವಿದ್ದು ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ದೂರವಾಣಿ ಸಂಖ್ಯೆಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದುದನ್ನು ಯಾರು ಮರೆತಾರು? ಮೇ 4ರಿಂದ ಅಮೆರಿಕವು ಭಾರತದಿಂದ ಬರುವವರ ಮೇಲೆ ನಿರ್ಬಂಧ ಹೇರಿತ್ತು. ವೀಸಾದ ಮೇಲೆ ಇಲ್ಲಿರುವ ಎಷ್ಟೋ ಮಕ್ಕಳು, ಹೋದರೆ ಮರಳಲಾಗದೆಂಬ ಭೀತಿಯಿಂದ ಹೆತ್ತವರ ಅಂತ್ಯಕ್ರಿಯೆಯನ್ನು ದೂರವಾಣಿಯ ಪರದೆಯ ಮೇಲೆಯೇ ನೋಡಿದರು.

ಅಂದಿನ ಮೊರೆಗಳನ್ನು ಕೆಲವು ಅಧಿಕಾರಿಗಳು ವದಂತಿಯೆಂದು ಪರಿಗಣಿಸಿದರು. ಸಹಾಯ ಬೇಡಿದವರ ಮೇಲೆ ಮೊಕದ್ದಮೆ ಹೂಡಿದ ಪ್ರಸಂಗವೂ ನಡೆಯಿತು. 2021ರ ಏಪ್ರಿಲ್ 30ರಂದು ನ್ಯಾಯಮೂರ್ತಿ ಚಂದ್ರಚೂಡ್ ನೇತೃತ್ವದ ಸರ್ವೋಚ್ಚ ನ್ಯಾಯಾಲಯದ ಪೀಠವು ಇದಕ್ಕೆ ಸ್ಪಷ್ಟ ತಡೆಯೊಡ್ಡಿತು. ಜಾಲತಾಣದಲ್ಲಿ ಕಷ್ಟ ಹೇಳಿಕೊಂಡವರ ಮಾತು ಸುಳ್ಳೆಂದು ಮೊದಲೇ ಭಾವಿಸಕೂಡದು, ಅಂಥವರನ್ನು ಹತ್ತಿಕ್ಕಿದರೆ ಅದು ನ್ಯಾಯಾಂಗ ನಿಂದನೆಯಾಗುತ್ತದೆ ಎಂಬುದು ಆ ಆದೇಶದ ತಾತ್ಪರ್ಯ. ಪ್ಲೇಗಿನ ಕಾಲದಲ್ಲಿ ದೊರೆಯದ ರಕ್ಷಣೆ ಊರ ಮಾತಿಗೆ ಆಗ ದೊರೆಯಿತು.

ಆದರೂ ಆ ಕಿವಿಗೆ ಎಲ್ಲರ ಮೊರೆಯೂ ಮುಟ್ಟಲಿಲ್ಲ. ಆದೇಶ ಹೊರಬಿದ್ದ ಎರಡೇ ದಿನಕ್ಕೆ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಅಸುನೀಗಿದರು. ಕರ್ನಾಟಕ ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿಯು ಆಮ್ಲಜನಕದ ಕೊರತೆಯನ್ನೇ ಕಾರಣವಾಗಿ ಗುರುತಿಸಿತು. ದೆಹಲಿಯ, ಬೆಂಗಳೂರಿನ ಸಿರಿವಂತ ಬಡಾವಣೆಗಳಿಂದ ಹೊರಟ ಇಂಗ್ಲಿಷ್ ಮೊರೆಗೆ ನಿಮಿಷಗಳಲ್ಲಿ ನೂರಾರು ಜನ ಓಗೊಡುತ್ತಿದ್ದಾಗ, ಗಡಿಜಿಲ್ಲೆಯ ಆ ಆಸ್ಪತ್ರೆಯ ಹೊರಗೆ ನಿಂತಿದ್ದ ರೈತ ಕುಟುಂಬಗಳ ಮೊರೆ ಯಾವ ಜಾಲದಲ್ಲಿ ಹೊಮ್ಮಬೇಕಿತ್ತು? ಮೊರೆಗಳ ಸಂಖ್ಯೆಯನ್ನು ನೋಡಿ ಸಂಕಟವನ್ನು ಅಳೆದಿದ್ದರೆ, ಚಾಮರಾಜನಗರದಲ್ಲಿ ಎಲ್ಲವೂ ನೆಮ್ಮದಿಯಾಗಿದೆ ಎಂದೇ ತೋರುತ್ತಿತ್ತು.

ಒಂದಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎಂಬುದು ಗೃಹಿಣಿಯರೆಲ್ಲರೂ ಬಲ್ಲ ಮಾತು. ಆದರೆ ಮದುವೆ ಮನೆಯ ಕೊಪ್ಪರಿಗೆಯಲ್ಲಿ ಅಡುಗೆಯವರು ಮೊದಲು ತಳದಿಂದ ಮೇಲಕ್ಕೆ ಒಮ್ಮೆ ಕೈಯಾಡಿಸುತ್ತಾರೆ. ಆಮೇಲೆ ಅಗುಳನ್ನು ತೆಗೆಯುತ್ತಾರೆ. ಕೈಯಾಡಿಸದೆ ಮೇಲಿನ ಪದರದಿಂದ ಸೌಟುಗಟ್ಟಲೆ ತೆಗೆದು ನೋಡಿದರೂ ತಳದ ಸ್ಥಿತಿ ತಿಳಿಯದು. ಜಾಲತಾಣಗಳ ಮೂಲಕ ಜನಾಭಿಪ್ರಾಯ ಅಳೆಯುವಲ್ಲಿ ದೊಡ್ಡ ದೊಡ್ಡ ಪಂಡಿತರೂ ಎಡವಿದ್ದು ಇಲ್ಲಿಯೇ.

ಗೂಗಲ್ ಸಂಸ್ಥೆಯು 2008ರ ನವೆಂಬರ್‌ನಲ್ಲಿ, ಜನರ ಶೋಧಗಳನ್ನು ಎಣಿಸಿ ಶೀತಜ್ವರದ ಹರಡುವಿಕೆಯನ್ನು ಸರ್ಕಾರಕ್ಕಿಂತ ಮೊದಲೇ ಹೇಳುವ ಯೋಜನೆಯನ್ನು ಆರಂಭಿಸಿತು. ಮೊದಲಿಗೆ ಲೋಕವೇ ಬೆರಗಾಯಿತು. ಆದರೆ 2012–13ರ ಚಳಿಗಾಲದಲ್ಲಿ ಅದರ ಅಂದಾಜು ವಾಸ್ತವದ ಎರಡರಷ್ಟನ್ನು ಮೀರಿತು. ರೋಗಿಗಳಷ್ಟೇ ಅಲ್ಲ, ಸುದ್ದಿ ಓದಿ ಹೆದರಿದವರೂ ಶೋಧಿಸುತ್ತಾರೆ. ಭಯದ ಎಣಿಕೆ ರೋಗದ ಎಣಿಕೆಯಲ್ಲ. 2015ರಲ್ಲಿ ಆ ಯೋಜನೆಯ ಸಾರ್ವಜನಿಕ ಪ್ರಕಟಣೆ ನಿಂತಿತು.

2020ರ ಏಪ್ರಿಲ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡವು ಫೇಸ್‌ಬುಕ್ಕಿನ ಮೂಲಕ ಆರಂಭಿಸಿದ ಸಮೀಕ್ಷೆ ಇನ್ನೂ ವಿಸ್ತಾರವಾದದ್ದು. ಅಮೆರಿಕವೊಂದರಲ್ಲಿಯೇ ವಾರಕ್ಕೆ ಸುಮಾರು ಎರಡೂವರೆ ಲಕ್ಷ ಜನ ಉತ್ತರಿಸುತ್ತಿದ್ದರು. ಅದರಿಂದ ಸಂಶೋಧಕರಿಗೆ ಬಹಳ ಉಪಯೋಗವಾಯಿತೆಂಬುದು ನಿರ್ವಿವಾದ. ಆದರೂ ನೇಚರ್ ಪತ್ರಿಕೆಯಲ್ಲಿ 2021ರ ಡಿಸೆಂಬರ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಆ ವರ್ಷದ ಮೇ ತಿಂಗಳಲ್ಲಿ ಲಸಿಕೆ ಪಡೆದ ವಯಸ್ಕರ ಪ್ರಮಾಣವನ್ನು ಅದು ಶೇಕಡಾ 17 ಅಂಶಗಳಷ್ಟು ಅಧಿಕವಾಗಿ ತೋರಿಸಿತ್ತು. ಸುಮಾರು ಒಂದು ಸಾವಿರ ಜನರನ್ನು ಜಾಗರೂಕತೆಯಿಂದ ಆರಿಸಿ ಕೇಳಿದ ಇನ್ನೊಂದು ಸಮೀಕ್ಷೆ ಸತ್ಯಕ್ಕೆ ಹತ್ತಿರವಿತ್ತು. ಮುಟ್ಟಿನ ಸಮೀಕ್ಷೆ ನಡೆಸಿದ ವಿದ್ವಾಂಸೆಯರು ಈ ಸೂಕ್ಷ್ಮವನ್ನು ಅರಿತಿದ್ದರು. ಸ್ವಇಚ್ಛೆಯಿಂದ ಉತ್ತರಿಸಿದವರಿಂದ ಬಂದ ಅಂಕಿಗಳನ್ನು ಎಲ್ಲ ಮಹಿಳೆಯರಿಗೂ ಅನ್ವಯಿಸಲಾಗದೆಂದು ಅವರೇ ಸ್ಪಷ್ಟಪಡಿಸಿದರು. ಯಾವ ಪ್ರಶ್ನೆ ಜನರನ್ನು ಕಾಡುತ್ತಿದೆ ಎಂಬುದನ್ನು ಜಾಲತಾಣ ಹೇಳಬಲ್ಲದು. ಅದು ಎಷ್ಟು ಮಂದಿಯನ್ನು ಕಾಡುತ್ತಿದೆ ಎಂಬುದನ್ನು ಹೇಳಲಾರದು. ಈ ವಿವೇಕ ಇದ್ದಲ್ಲಿ ಮಾತ್ರ ಅದು ಉಪಕಾರಿ.

ಕನ್ನಡದಲ್ಲಿ ಕೇಳುವವರು ಯಾರು?

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡವನ್ನು ತಾಯಿನುಡಿಯಾಗಿ ಹೇಳಿಕೊಂಡವರು ಸುಮಾರು 4 ಕೋಟಿ 37 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ವಾರದ ವಿಶ್ಲೇಷಣೆ ಇಂಗ್ಲಿಷ್, ಫ್ರೆಂಚ್‌ಗಳಲ್ಲಿ ನಡೆಯಿತೆಂದು ಆಗಲೇ ಹೇಳಿದೆ. ಕನ್ನಡದ ಮಾತೇನಾಯಿತು? ನಮ್ಮ ಜನ ಮಾತನಾಡಿದ್ದು ಬಹುಮಟ್ಟಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅದರಲ್ಲಿಯೂ ಬರೆಯುವುದಕ್ಕಿಂತ ದನಿ ಮುದ್ರಿಸಿ ಕಳಿಸುವುದರಲ್ಲಿ. ಆ ಸಂದೇಶಗಳನ್ನು ಕಳಿಸಿದವರು ಮತ್ತು ಪಡೆದವರ ಹೊರತು ಬೇರೆಯವರು ಓದುವಂತಿಲ್ಲ, ಅದು ಸರಿಯಾದದ್ದೇ. ಆದರೆ ಅಲ್ಲಿನ ಪ್ರಶ್ನೆಗಳು ಯಾವ ಸಂಶೋಧಕರ ತಕ್ಕಡಿಗೂ ಬೀಳಲಿಲ್ಲ.

ನಮ್ಮ ಊರಿನ ಕನ್ನಡ ಕೂಟದ ಹೆಂಗಸರ ಗುಂಪೊಂದಿದೆ. ಮೊದಲು ಅದು ಅಡುಗೆ, ಹಬ್ಬ, ಹಾಡುಗಳಿಗೆ ಮೀಸಲಾಗಿತ್ತು. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ, ಮಕ್ಕಳ ಮನೆಗೆಂದು ಬಂದಿದ್ದ ಅನೇಕ ಹಿರಿಯರು ಇಲ್ಲಿಯೇ ಉಳಿದರು. ಆಗ ಗುಂಪಿನಲ್ಲಿ ಬಂದ ಪ್ರಶ್ನೆಗಳನ್ನು ನೋಡಿ: ಊರಿನಿಂದ ತಂದ ಥೈರಾಯ್ಡ್ ಮಾತ್ರೆ ಮುಗಿಯುತ್ತಿದೆ, ಇಲ್ಲಿ ಅದಕ್ಕೆ ಯಾವ ಹೆಸರು? ಅತ್ತೆಯವರ ವಿಮೆ ಮುಗಿಯಿತು, ಜ್ವರ ಬಂದರೆ ಎಲ್ಲಿಗೆ ಕರೆದೊಯ್ಯುವುದು? ಮುಂದೆ ಲಸಿಕೆ ಬಂದಾಗ: ಏಕಾದಶಿಯ ಉಪವಾಸದಲ್ಲಿ ಹಾಕಿಸಿಕೊಳ್ಳಬಹುದೇ? ಬಾಣಂತಿಗೆ ಬೇಡವೆನ್ನುತ್ತಾರಲ್ಲ, ನಿಜವೇ? ಊರಿನಲ್ಲಿ ಮೊದಲ ಡೋಸು ಕೋವಿಶೀಲ್ಡ್ ಆಗಿದೆ, ಇಲ್ಲಿ ಎರಡನೆಯದಕ್ಕೆ ಏನು ಮಾಡುವುದು? ಯಾವ ಸರ್ಕಾರದ ಪ್ರಕಟಣೆಯಲ್ಲಿಯೂ ಈ ಪ್ರಶ್ನೆಗಳಿರಲಿಲ್ಲ. ನಿವೃತ್ತ ವೈದ್ಯೆಯೊಬ್ಬರು, ನಾವೆಲ್ಲ ಡಾಕ್ಟರಮ್ಮ ಎಂದು ಕರೆಯುವವರು, ಪ್ರತಿ ಸಂಜೆ ಎರಡು ಮಾತಿನಲ್ಲಿ ಕನ್ನಡದಲ್ಲಿಯೇ ಉತ್ತರ ಹೇಳುತ್ತಿದ್ದರು. ತಿಳಿಯದಿದ್ದರೆ, ನಾಳೆ ವಿಚಾರಿಸಿ ಹೇಳುತ್ತೇನಮ್ಮ, ಅಲ್ಲಿಯವರೆಗೆ ಯಾರೂ ಏನನ್ನೂ ನುಂಗಬೇಡಿ ಎನ್ನುತ್ತಿದ್ದರು. ಅವರ ಆ ಒಂದು ವಾಕ್ಯ ಎಷ್ಟೋ ಕಷಾಯಗಳನ್ನೂ ಗುಳಿಗೆಗಳನ್ನೂ ತಡೆಯಿತು.

ಸಣ್ಣ ಭಾಷೆಯ ಮಾತು ಕೇಳುವುದು ಅಸಾಧ್ಯವೇನಲ್ಲ. ಉಗಾಂಡ ದೇಶದಲ್ಲಿ ಹಳ್ಳಿಯ ಜನ ಮಾತನಾಡುವುದು ಆಕಾಶವಾಣಿ ಕೇಂದ್ರಗಳಿಗೆ ಕರೆ ಮಾಡಿ. ಕಂಪಾಲಾದಲ್ಲಿರುವ ವಿಶ್ವಸಂಸ್ಥೆಯ ಪ್ರಯೋಗಾಲಯವು ಲುಗಾಂಡ, ಅಚೋಲಿ ಭಾಷೆಗಳ ಬಾನುಲಿ ಮಾತುಕತೆಯನ್ನು ಬರಹಕ್ಕಿಳಿಸುವ ಸಾಧನ ರಚಿಸಿ, ಕೊರೋನಾ ಕಾಲದಲ್ಲಿ ಜನರ ಆತಂಕ ತಿಳಿಯಲು ಅದನ್ನು ಬಳಸಿತು. ಜನ ಎಲ್ಲಿ ಮಾತನಾಡುತ್ತಾರೋ ಅಲ್ಲಿಗೆ, ಅವರ ನುಡಿಯಲ್ಲಿಯೇ ಹೋದದ್ದು ಅದರ ಹಿರಿಮೆ.

ಮುಚ್ಚುತ್ತಿರುವ ಬಾಗಿಲು

ಮತ್ತೊಂದು ಮಹಾಮಾರಿ ಬಂದರೆ ಕೇಳುವ ಕಿವಿಗಳು ಹಿಂದಿನಷ್ಟು ತೆರೆದಿರಲಾರವು ಎಂಬುದು ಕಳವಳದ ಸಂಗತಿ. 2020ರ ಏಪ್ರಿಲ್‌ನಲ್ಲಿ ಟ್ವಿಟರ್ ಸಂಸ್ಥೆಯು ಕೊರೋನಾ ಕುರಿತ ಸಂದೇಶಗಳನ್ನು ಸಂಶೋಧಕರಿಗೆ ಉಚಿತವಾಗಿ ಒದಗಿಸಿತ್ತು. ಒಡೆತನ ಬದಲಾಗಿ, 2023ರಲ್ಲಿ ಎಕ್ಸ್ ಎಂದು ಹೆಸರೂ ಬದಲಾದ ಅದೇ ತಾಣವು ಆ ವರ್ಷ ಸಂಶೋಧಕರ ಉಚಿತ ಪ್ರವೇಶವನ್ನು ನಿಲ್ಲಿಸಿತು. ಫೇಸ್‌ಬುಕ್ಕಿನ ಸಾರ್ವಜನಿಕ ಮಾತುಗಳನ್ನು ಗಮನಿಸಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನ 2024ರ ಆಗಸ್ಟ್ 14ರಂದು ಮುಚ್ಚಿತು. ಊರ ಕಟ್ಟೆ ಖಾಸಗಿ ಒಡೆಯನ ಸ್ವತ್ತಾದಾಗ ಆಗುವುದು ಹೀಗೆಯೇ.

ಇನ್ನೊಂದು ಬದಿಯ ಎಚ್ಚರವೂ ಬೇಕು. ಕಿವಿಗೊಡುವುದಕ್ಕೂ ಕದ್ದು ಕೇಳುವುದಕ್ಕೂ ಅಂತರ ಕೂದಲೆಳೆಯಷ್ಟೇ. ಯಾರು ಏನು ಹೇಳಿದರೆಂದು ಹೆಸರು ಹಿಡಿದು ಪಟ್ಟಿ ಮಾಡುವ ಸರ್ಕಾರವನ್ನು ಜನ ಎಂದಿಗೂ ನಂಬರು. ನಂಬಿಕೆ ಹೋದೊಡನೆ ಅವರ ಬಾಯಿಯೂ ಮುಚ್ಚುತ್ತದೆ. ಕೇಳಬೇಕಾದದ್ದು ಪ್ರಶ್ನೆಯನ್ನು, ಕೇಳಿದವರ ಹೆಸರನ್ನಲ್ಲ.

ನಮ್ಮ ಸಂಘಗಳ ಕರ್ತವ್ಯ

ದೊಡ್ಡ ಸಂಸ್ಥೆಗಳು ಮಾಡಲಾರದ ಕೆಲಸವನ್ನು ನಮ್ಮ ಕನ್ನಡ ಕೂಟಗಳು ಮಾಡಬಲ್ಲವು ಎಂಬುದು ನನ್ನ ದೃಢವಾದ ನಂಬಿಕೆ. ಸಮ್ಮೇಳನದಲ್ಲಿ ಸೇರುವ ಕೂಟಗಳ ಪದಾಧಿಕಾರಿಗಳ ಮುಂದೆ ನನ್ನ ವಿನಮ್ರ ಸಲಹೆಗಳಿವು. ಪ್ರತಿ ಕೂಟವೂ ಒಬ್ಬ ವೈದ್ಯರು, ಕನ್ನಡದಲ್ಲಿ ತಿಳಿಯಾಗಿ ಬರೆಯಬಲ್ಲ ಒಬ್ಬರು, ಎಲ್ಲರೂ ಸಲುಗೆಯಿಂದ ಮಾತನಾಡಬಲ್ಲ ಒಬ್ಬ ಹಿರಿಯ ಮಹಿಳೆ, ಹೀಗೆ ಮೂವರ ಸಮಿತಿಯೊಂದನ್ನು ನೆಮ್ಮದಿಯ ದಿನಗಳಲ್ಲಿಯೇ ರಚಿಸಲಿ. ಕಷ್ಟ ಬಂದಾಗ ವಾರಕ್ಕೊಮ್ಮೆ ಸದಸ್ಯರ ಪ್ರಶ್ನೆಗಳನ್ನು ಹೆಸರಿಲ್ಲದೆ ಬರೆದಿಡಲಿ. ಹಿಂದಿನ ವಾರದ ಪ್ರಶ್ನೆಗಳೊಡನೆ ತಾಳೆ ನೋಡಲಿ. ಜಾಲತಾಣ ಬಳಸದ ವೃದ್ಧರಿಗೆ ದೂರವಾಣಿ ಕರೆ ಮಾಡಿ ಅವರ ಮಾತನ್ನೂ ಸೇರಿಸಲಿ. ಕೊಪ್ಪರಿಗೆಯಲ್ಲಿ ಕೈಯಾಡಿಸುವುದೆಂದರೆ ಇದೇ. ತಪ್ಪು ಸುದ್ದಿ ಹಂಚಿದವರನ್ನು ಹೀಯಾಳಿಸದೆ, ಎರಡು ದಿನದೊಳಗೆ ಕನ್ನಡದಲ್ಲಿ ಉತ್ತರ ಕೊಡಲಿ. ತಮಗೆ ಉತ್ತರ ತಿಳಿಯದ ಪ್ರಶ್ನೆಗಳನ್ನು ಸ್ಥಳೀಯ ಆರೋಗ್ಯ ಇಲಾಖೆಗೆ ಲಿಖಿತವಾಗಿ ತಲುಪಿಸಲಿ. ಊರಿನ ಬಂಧುಗಳಿಂದ ಬರುವ ಪ್ರಶ್ನೆಗಳೂ ಈ ಪಟ್ಟಿಯಲ್ಲಿರಲಿ. ಏಕೆಂದರೆ ಚಾಮರಾಜನಗರದ ಮೊರೆ ಜಗತ್ತಿಗೆ ಕೇಳಿಸದಿದ್ದರೂ ಅಲ್ಲಿನ ಮಗನೋ ಮಗಳೋ ನಮ್ಮ ನಡುವೆ ಇರಬಹುದು.

ಇದಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ, ತಾಳ್ಮೆ ಬೇಕು. ಭಯಗೊಂಡವರು ಬಯಸುವುದು ಉಪದೇಶವನ್ನಲ್ಲ, ತಮ್ಮ ಪ್ರಶ್ನೆಗೆ ತಮ್ಮ ನುಡಿಯಲ್ಲಿ ಒಂದು ನೇರ ಉತ್ತರವನ್ನು. ಮುಂದಿನ ಸಮ್ಮೇಳನ ಸೇರುವ ಹೊತ್ತಿಗೆ ಹತ್ತು ಕೂಟಗಳಾದರೂ ಇಂಥ ಸಮಿತಿಗಳನ್ನು ರಚಿಸಿದ್ದರೆ, ಕನ್ನಡದಲ್ಲಿ ಕೇಳುವವರು ಯಾರು ಎಂಬ ಪ್ರಶ್ನೆಗೆ ನಾವಿದ್ದೇವೆ ಎಂದು ಧೈರ್ಯವಾಗಿ ಹೇಳಬಹುದು.